ಯಾರ ಕಡೆಯಿಂದ ಫೋನು?

ನನ್ನ ಆಫೀಸಿನಲ್ಲಿ ಈಗ ಆರು ಫೋನುಗಳಿವೆ. ಆರನ್ನೂ ತಕ್ಕಡಿಗೆ ಹಾಕಿದರೂ ನಮ್ಮೂರ ಮಠದ ಒಂದು ಕರಿ ಫೋನಿನ ತೂಕ ಬರುವುದಿಲ್ಲ. ಅದರ ರಿಸೀವರ್ ಎತ್ತಿದರೆ ಕೈಯಲ್ಲಿ ಏನೋ ಹಿಡಿದಿದ್ದೇನೆ ಅನ್ನಿಸುತ್ತಿತ್ತು. ಈಗಿನವು ಹಗುರ, ಅದರಲ್ಲಿ ಆಡುವ ಮಾತೂ ಹಗುರ. ಹೋಗಲಿ ಬಿಡಿ, ವಯಸ್ಸಾದ ಹೆಂಗಸಿನ ಗೊಣಗಾಟ ಅನ್ನುತ್ತೀರಿ.

ಆ ಮಠದ ಅಜ್ಜಾರು ತೀರಿಕೊಂಡು ಏಳು ವರ್ಷವಾಯಿತು. ಫೋನು ರಿಂಗಾದಾಗೆಲ್ಲ ಅವರ ನೆನಪಾಗುತ್ತದೆ. ನಮ್ಮಲ್ಲಿ ಫೋನು ದಿನವಿಡೀ ರಿಂಗಾಗುತ್ತಲೇ ಇರುತ್ತದೆ.

ಆಗ ನನಗೆ ಇಪ್ಪತ್ತೊಂದು. ಹೆಸರು ದ್ರಾಕ್ಷಾಯಣಿ. ಊರ ಪಕ್ಕ ಹೊಳೆ, ಹೊಳೆದಂಡೆಯಲ್ಲಿ ಸಣ್ಣದೊಂದು ಮಠ, ಮಠದಲ್ಲಿ ಒಬ್ಬರೇ ಒಬ್ಬರು ಸ್ವಾಮಿಗಳು. ನಮ್ಮ ಕಡೆ ಸ್ವಾಮಿಗಳನ್ನು ಅಜ್ಜಾರು ಅಂತಲೇ ಕರೆಯುವುದು. ಅವರಿಗೊಂದು ಹೆಸರಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಊರಿನ ಹೊಲಿಗೆ ಕೇಂದ್ರದಲ್ಲಿ ನಾವು ಹನ್ನೆರಡು ಹೆಂಗಸರು. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಿರುತ್ತವಲ್ಲ, ಅಲ್ಲಿಯ ಕೆಲಸಗಾರರಿಗೆ ದಪ್ಪ ಕ್ಯಾನ್ವಾಸಿನ ಕೈಗವಸು ಹೊಲಿಯುತ್ತಿದ್ದೆವು. ಅದನ್ನು ಬೆಳಗಾವಿಗೆ ಒಯ್ದು ಮಾರುತ್ತಿದ್ದವನು ಒಬ್ಬ ದಲ್ಲಾಳಿ. ಆ ವರ್ಷ ಅವನು ಬರುವುದನ್ನೇ ನಿಲ್ಲಿಸಿಬಿಟ್ಟ. ಯಾಕೆ ಅಂತ ಹೇಳಲೂ ಇಲ್ಲ, ಪುಣ್ಯಾತ್ಮ.

ಹೊಲಿಗೆ ಮಷಿನ್ನು ಕೊಟ್ಟಿದ್ದ ಸಂಸ್ಥೆಯವರು ಬಂದು ಹೇಳಿದರು: ದಸರೆಯೊಳಗೆ ಯಾವುದಾದರೂ ಕಾರ್ಖಾನೆಯಿಂದ ಕೈಗವಸಿನ ಆರ್ಡರು ಹಿಡಿಯಿರಿ. ಇಲ್ಲವಾದರೆ ಮಷಿನ್ನು ಬೇರೆ ಊರಿಗೆ ಹೋಗುತ್ತವೆ.

ಮಷಿನ್ನು ಹೋದರೆ ಹನ್ನೆರಡೂ ಮಂದಿ ಮತ್ತೆ ಕಬ್ಬು ಕಡಿಯಲು ಹೋಗಬೇಕು. ಅದರಲ್ಲಿ ನನ್ನ ಅವ್ವನೂ ಒಬ್ಬಳು. ಅವಳ ಬೆನ್ನು ಕಬ್ಬಿನ ಹೊರೆಗೆ ಮೊದಲೇ ಹೋಗಿತ್ತು, ಇನ್ನೊಂದು ಹಂಗಾಮು ತಡೆಯುತ್ತಿರಲಿಲ್ಲ.

ಪಿಯುಸಿ ಓದಿದವಳು ನಾನೊಬ್ಬಳೇ. "ನೀನೇ ಫೋನ್ ಮಾಡಿ ಕೇಳವಾ" ಅಂದರು ಎಲ್ಲರೂ. ಊರಲ್ಲಿದ್ದದ್ದು ಒಂದೇ ಫೋನು, ಅದು ಮಠದ್ದು.

"ಅಜ್ಜಾರ, ದಿನಾ ಬಂದು ಫೋನ್ ಮಾಡ್ಲಿ?"

"ಮಾಡವಾ. ಅದೂ ನನ್ನಂಗ ಸುಮ್ನ ಕುಂತೈತಿ."

ಫೋನು ಪಡಸಾಲೆಯ ಕಿಟಕಿ ಹತ್ತಿರ. ಮೇಲೆ ಗೋಡೆ ಗಡಿಯಾರ. ಗಡಿಯಾರದ ಮುಖದ ಮೇಲೆ ಕೆಂಪು ಅಕ್ಷರದಲ್ಲಿ "ಭಕ್ತಿಯ ಕಾಣಿಕೆ: ಹಂಚಿನಮನಿ ಬಂಧುಗಳು, ಬೆಳಗಾವಿ" ಅಂತ ಬರೆದಿತ್ತು. ಅಕ್ಷರ ದೊಡ್ಡದು, ಮುಳ್ಳು ಸಣ್ಣದು. ಟೈಮು ನೋಡಬೇಕಾದರೆ ಹಂಚಿನಮನಿಯವರನ್ನು ದಾಟಿಯೇ ನೋಡಬೇಕು.

ಮೊದಲ ದಿನ ಡೈರೆಕ್ಟರಿ ತೆಗೆದು ಒಂದು ಕಾರ್ಖಾನೆಯ ನಂಬರು ತಿರುಗಿಸಿದೆ. ಆಚೆ ರಿಂಗ್ ಆಗುತ್ತಿತ್ತು. ಯಾರೂ ಎತ್ತಲಿಲ್ಲ.

ಅಜ್ಜಾರು ಕಿಟಕಿಯ ಹೊರಗೆ ಕಟ್ಟೆಯ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು.

"ಯಾರರ ಎತ್ತಿದ್ರೇನು?"

"ಇಲ್ರಿ."

"ಮತ್ತ ಯಾಕ ಅಷ್ಟು ಖುಷಿ?"

"ಖುಷಿ ಎಲ್ಲೈತ್ರಿ ಅಜ್ಜಾರ?"

"ಉಸ್ಸಂದದ್ದು ಇಲ್ಲೀತನಕ ಕೇಳಿಸ್ತು. ಯಾರೂ ಎತ್ತಬಾರದಪ್ಪಾ ಅಂತ ಹರಕಿ ಹೊತ್ತು ಫೋನ್ ಮಾಡಾಕತ್ತೀಯಲ್ಲ?"

ನನ್ನ ಕಿವಿ ಬಿಸಿಯಾಯಿತು. ಏಕೆಂದರೆ ಅದು ನಿಜ.

ಎರಡನೇ ದಿನ ಒಬ್ಬರು ಎತ್ತಿದರು. ನಾನು ಒಂದೇ ಉಸಿರಿಗೆ ಶುರು ಮಾಡಿದೆ: "ತಪ್ಪ ತಿಳ್ಕೋಬ್ಯಾಡ್ರಿ ಸರ, ನಿಮಗ ತ್ರಾಸ ಕೊಡಾಕತ್ತೀನಿ, ನಿಮ್ಮ ಟೈಮ್ ಹಾಳ ಮಾಡಾಕತ್ತೀನಿ, ಒಂದೇ ನಿಮಿಷ..." ಆ ಪುಣ್ಯಾತ್ಮನಿಗೂ ಹೌದನ್ನಿಸಿರಬೇಕು. ಫೋನು ಇಟ್ಟುಬಿಟ್ಟ.

"ದ್ರಾಕ್ಷವ್ವ," ಅಂದರು ಅಜ್ಜಾರು. "ಏನ್ ತಪ್ಪು ಮಾಡಿ?"

"ಏನೂ ಮಾಡಿಲ್ರಿ."

"ಮತ್ತ ತಪ್ಪಾತು ಅಂತಲೇ ಬಾಗಲಾ ಬಡದರ, ಯಾರು ಒಳಗ ಕರೀತಾರ?"

ಅಷ್ಟು ಹೇಳಿ ಅವರು ಮಗ್ಗುಲು ಬದಲಿಸಿ ಇನ್ನೊಂದು ಭುಜ ಬಿಸಿಲಿಗೆ ಕೊಟ್ಟರು. ಹೆಂಗೆ ಬಡಿಯಬೇಕು ಅಂತ ಹೇಳಿಕೊಡುತ್ತಾರೆ ಅಂತ ಕಾದೆ. ಹೇಳಿಕೊಡಲಿಲ್ಲ. ಅವರ ಸ್ವಭಾವವೇ ಅದು, ಒಮ್ಮೊಮ್ಮೆ ಮೈ ಉರಿಯುತ್ತಿತ್ತು.

ಮೂರನೇ ದಿನ ನನಗೆ ನಾನೇ ಒಂದು ಉಪಾಯ ಕಂಡುಹಿಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಹಲೋ, ನಾವು ಹೊಳಿದಂಡಿ ಮಠದಿಂದ ಮಾತಾಡೂದು."

ಅಬ್ಬಬ್ಬಾ, ಏನು ಬದಲಾವಣೆ! ಆಚೆಯ ದನಿ ತಟ್ಟನೆ ಬಾಗಿತು. "ನಮಸ್ಕಾರ್ರೀ. ಅಜ್ಜಾರು ಆರಾಮದಾರೇನ್ರಿ? ನಮ್ಮ ಶರಣು ಹೇಳ್ರಿ." ಫೋನು ಎತ್ತುವ ಹುಡುಗಿಯರು ಸಾಹೇಬರನ್ನು ಮೀಟಿಂಗಿನಿಂದ ಎಬ್ಬಿಸಿ ಕರೆತಂದರು. ನನ್ನ ನಾಲಿಗೆ ಒಣಗುವುದು ನಿಂತಿತು. ದಿನಕ್ಕೆ ಹತ್ತು ಫೋನು ಮಾಡಿದೆ. ಕೊನೆಗೆ ಕಾಲಾಡಿಸುತ್ತಾ ಮಾತಾಡುವಷ್ಟು ಧೈರ್ಯ ಬಂತು.

ಒಂದು ವಾರದಲ್ಲಿ ಮಠದ ಬಾಗಿಲಿಗೆ ಎರಡು ಚೀಲ ಅಕ್ಕಿ ಬಂತು. ಒಂದು ಡಬ್ಬಿ ಎಣ್ಣೆ ಬಂತು. ಒಂದು ಸೀಲಿಂಗ್ ಫ್ಯಾನು, ರೆಕ್ಕೆಗಳ ಮೇಲೆ ಕೊಟ್ಟವರ ಹೆಸರು. ಇಬ್ಬರು ವಿಭೂತಿ ಕಳಿಸಿ ಅಂದರು. ಒಬ್ಬರು ಮಗಳ ಲಗ್ನದ ವಿಷಯ ಅಜ್ಜಾರ ಹತ್ತಿರ ಕೇಳಿ ಅಂದರು.

"ನೋಡ್ರಿ ಅಜ್ಜಾರ, ಎಷ್ಟು ಬಂತು!" ಅಂತ ನಾನು ಬೀಗಿದೆ.

ಅಜ್ಜಾರು ಅಕ್ಕಿ ಚೀಲವನ್ನು ನೋಡಿದರು, ಫ್ಯಾನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬೇಡೂದು ನನ್ನ ಉದ್ಯೋಗ. ನೀ ಯಾಕ ನನ್ನ ಹೊಟ್ಟಿಮ್ಯಾಲ ಹೊಡೀತಿ?"

ನಾನು ನಕ್ಕೆ. ಅವರು ನಗಲಿಲ್ಲ.

"ಕೈಗವಸಿನ ಸುದ್ದಿ ಯಾರರ ಕೇಳಿದ್ರೇನು?"

"ಇಲ್ರಿ."

"ಬಾ, ತೋರಸು ಅಂತ ಯಾರರ ಅಂದ್ರೇನು?"

"ಇಲ್ರಿ."

"ನಾಳೆಯಿಂದ ಮಠದ ಹೆಸರು ಬ್ಯಾಡ. ನನ್ನ ಸುದ್ದೀನೂ ಬ್ಯಾಡ."

"ಹಂಗಾದ್ರ ನಾ ಯಾರಂತ ಹೇಳ್ಲಿ?"

"ಅದನ್ನ ನನ್ನ ಯಾಕ ಕೇಳ್ತಿ?"

ನನಗೆ ಸಿಟ್ಟು ಬಂತು. ದಸರೆಗೆ ಇಪ್ಪತ್ತು ದಿನ ಉಳಿದಿತ್ತು. ಅವ್ವ ಆಗಲೇ ಅಟ್ಟದ ಮೇಲಿನ ಕಬ್ಬು ಕಡಿಯುವ ಕೊಯ್ತಾ ಇಳಿಸಿ ತುಕ್ಕು ಒರೆಸಿಟ್ಟಿದ್ದಳು, ನನಗೆ ಕಾಣಬಾರದು ಅಂತ ಹಳೆ ಸೀರೆಯಲ್ಲಿ ಸುತ್ತಿ. ನಾನು ಕಂಡಿದ್ದೆ.

"ನಿಮಗೇನ್ರಿ ಅಜ್ಜಾರ! ಕಾವಿ ಕಂಡರ ಎಲ್ಲಾರೂ ಬಾಗಲಾ ತಗೀತಾರ. ನಮ್ಮಂಥಾ ಹೆಸರಿಲ್ಲದವರ ಪಾಡು ನಿಮಗೇನ ಗೊತ್ತೈತಿ?"

ಅಂದುಬಿಟ್ಟೆ. ಅಂದ ಮೇಲೆ ನನ್ನ ಬಾಯಿ ನಾನೇ ಮುಚ್ಚಿಕೊಂಡೆ. ಅಜ್ಜಾರು ಕೋಲು ಹಿಡಿದು ಎದ್ದರು. ಒಳಗೆ ಹೋದರು.

ಮರುದಿನ ಮುಂಜಾನೆ ಹೆದರುತ್ತಲೇ ಮಠಕ್ಕೆ ಹೋದೆ. ಕಟ್ಟೆ ಖಾಲಿ. ಹೊಳೆಯ ಹತ್ತಿರ ಯಾರೋ ಒಬ್ಬ ಮುದುಕ ನಿಂತಿದ್ದ. ಮಾಸಿದ ಬಿಳಿ ಧೋತ್ರ, ತಲೆಗೆ ಹಳೇ ರುಮಾಲು, ಹಣೆ ಬರಿದು. ಹತ್ತಿರ ಹೋದಾಗ ಗುರುತು ಸಿಕ್ಕಿತು.

"ಅಯ್ಯ ಅಜ್ಜಾರ, ಇದೇನ್ರಿ! ಮಂದಿ ನೋಡಿದ್ರ ಏನಂದಾರು?"

"ಏನೂ ಅನ್ನಂಗಿಲ್ಲ. ನೀನೇ ಗುರುತು ಹಿಡೀಲಿಲ್ಲ. ನಡಿ, ಆಚೀ ದಂಡಿಗೆ ಹೋಗಿ ಬರೂಣು."

ತೆಪ್ಪದಲ್ಲಿ ಹೊಳೆ ದಾಟಿದೆವು. ಆಚೆಯ ಊರಿನ ಮಂದಿಯ ಮಠ ಬೇರೆ, ಅಜ್ಜಾರ ಮುಖ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಅವರು ಹೇಳಿದರು, ಪ್ರಾಯದಲ್ಲಿ ಅವರ ಗುರುಗಳು ಹನ್ನೆರಡು ವರ್ಷ ಜೋಳಿಗೆ ಕೊಟ್ಟು ಊರೂರಿಗೆ ಭಿಕ್ಷೆಗೆ ಕಳಿಸಿದ್ದರಂತೆ.

"ಏನ್ ಕಲತ್ರಿ ಅಜ್ಜಾರ, ಹನ್ನೆರಡು ವರ್ಷದಾಗ?"

"ನಿಲ್ಲೂದು ಕಲತೆ."

ಮೊದಲ ಮನೆ. ಅಜ್ಜಾರು ಅಂಗಳದ ಅಂಚಿನಲ್ಲಿ ನೆಟ್ಟಗೆ ನಿಂತು ಕರೆದರು, "ಯವ್ವಾ, ಮನ್ಯಾಗ ಯಾರದೀರಿ?" ಬಾಗಿಲು ಅರ್ಧ ತೆರೆಯಿತು. "ಮುಂದಕ್ಕ ಹೋಗಪಾ," ಅಂತ ಒಂದು ದನಿ, ಬಾಗಿಲು ಮುಚ್ಚಿತು.

"ಆಗ್ಲೆವಾ, ಚಲೋ ಆಗ್ಲಿ," ಅಂದರು ಅಜ್ಜಾರು ಮುಚ್ಚಿದ ಬಾಗಿಲಿಗೆ.

ಎರಡನೇ ಮನೆಯ ಗಂಡಸು ಜಗಲಿ ಮೇಲೆ ಕೂತೇ ಬೈದ. "ದುಡದು ತಿನ್ನಾಕ ಏನ್ ಧಾಡಿ ಆಗೇತಿ ನಿಮಗ? ವಯಸ್ಸಿನ ಹುಡುಗೀನ ಬ್ಯಾರೆ ಕರ್ಕೊಂಡ ತಿರಗತಿ!"

ನನ್ನ ಮೈಯೆಲ್ಲ ಉರಿದುಹೋಯಿತು. "ಏ, ಇವರು ಯಾರಂತ ಗೊತ್ತೇನು ನಿನಗ..." ಅಂತ ಮುಂದೆ ನುಗ್ಗಿದೆ. ಅಜ್ಜಾರು ಕೋಲನ್ನು ನನ್ನ ಮುಂದೆ ಅಡ್ಡ ಹಿಡಿದರು.

"ಆಗ್ಲೆಪಾ, ಚಲೋ ಆಗ್ಲಿ."

ಬೀದಿ ತಿರುಗಿದ ಮೇಲೆ ನಾನು ಕೇಳಿದೆ, "ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ಬಂತು. ಅಲ್ಲೇ ಇಟ್ಟ ಬಂದೆ. ಮುಂದಿನ ಮನಿಯಾಕಿ ನನಗೇನೂ ಅಂದಿಲ್ಲ, ಅಕಿ ಮುಂದ ನಾ ಯಾಕ ಮಾರಿ ಗಂಟ ಹಾಕ್ಕೊಂಡು ನಿಂದರಬೇಕು? ಹಿಂದಿನ ಮನಿ ಮಾತು ಜೋಳಿಗ್ಯಾಗ ಇರಬಾರದವಾ."

ಮೂರನೇ ಮನೆಯ ಹೆಂಗಸು ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ಯಾರು? ಯಾರ ಕಡಿಯವರು?"

"ನಾ ಗುರುಪಾದಯ್ಯ ಅಂತ. ಹೊಳಿ ಆಚೀ ದಂಡಿಯವ. ಯಾರ ಕಡಿಯವನೂ ಅಲ್ಲ, ನಾನೇ ಬಂದೀನಿ."

ಅವರ ಹೆಸರು ನನಗೆ ಗೊತ್ತಾದದ್ದು ಅವತ್ತು.

"ಏನ್ ಬೇಕು?"

"ನಿಮ್ಮ ಕಟ್ಟೀಮ್ಯಾಲ ಒಂದು ಐದು ನಿಮಿಷ ಕೂಡಬೇಕಾಗೇತಿ. ಈಗ ಕೂಡಲೋ, ನಿಮ್ಮ ಅಕ್ಕಿ ಆರಿಸೂದು ಮುಗದ ಮ್ಯಾಲ ಕೂಡಲೋ?"

ಅವಳು ಈಗ ತಲೆ ಎತ್ತಿದಳು. ಮುದುಕನನ್ನು ಮೇಲಿಂದ ಕೆಳಗೆ ನೋಡಿದಳು. ಏನೋ ದೊಡ್ಡದು ಕೇಳುತ್ತಾನೆ ಅಂತ ಸೆರಗು ಬಿಗಿ ಮಾಡಿಕೊಂಡಿದ್ದಳು, ಇವನು ಕೇಳಿದ್ದು ಕಟ್ಟೆಯ ಮೇಲೆ ಐದು ನಿಮಿಷ.

"ಈಗೇ ಕೂಡ್ರಿ, ಕಟ್ಟೀಗೇನು ಭಾಡಿಗಿ ಐತೇನು?"

ಕೂತೆವು. ಅಜ್ಜಾರು ಏನೂ ಕೇಳಲಿಲ್ಲ. ಅಕ್ಕಿಯ ಕಲ್ಲು ನೋಡಿ, "ಈ ವರ್ಷ ಮಿಲ್ಲಿನಾವ ಕಲ್ಲೇ ಮಾರಾಕತ್ತಾನ," ಅಂದರು. ಅವಳು ನಕ್ಕಳು. ನೀರು ಬಂತು, ಬೆಲ್ಲ ಬಂತು. ಗಂಡನಿಗೆ ಮಂಡಿನೋವು ಅನ್ನುವ ಸುದ್ದಿ ಬಂತು. ಐದು ನಿಮಿಷವಾಗುತ್ತಲೇ ಅಜ್ಜಾರು ಎದ್ದರು.

"ಕೂಡ್ರಿ, ರೊಟ್ಟಿ ತಿಂದು ಹೋಗ್ರಿ," ಅಂದಳು ಅವಳು.

"ಐದು ನಿಮಿಷ ಅಂದಿದ್ನೆವಾ. ಮತ್ತ ಬರ್ತೀನಿ."

ತೆಪ್ಪದಲ್ಲಿ ವಾಪಸು ಬರುವಾಗ ನನಗೆ ನನ್ನ ಫೋನುಗಳೇ ನೆನಪಾದವು. ನಾನು ಫೋನಿನಲ್ಲಿ ಏನು ಕೇಳುತ್ತಿದ್ದೆ? ಹನ್ನೆರಡು ಹೆಂಗಸರ ಬದುಕನ್ನೇ ಆಚೆಯವನ ತಲೆ ಮೇಲೆ ಹೊರಿಸುತ್ತಿದ್ದೆ. ಕೊಳ್ಳಿ, ಉಳಿಸಿ, ಕಾಪಾಡಿ. ಅವನು ಫೋನು ಇಡದೆ ಇನ್ನೇನು ಮಾಡಿಯಾನು?

"ಅಜ್ಜಾರ, ನಾಳೆ ನಾ ಅವರಿಗೆ ಬರೇ ಕಟ್ಟಿ ಕೇಳ್ತೀನಿ."

ಅವರು ನೀರಿನಲ್ಲಿ ಕೈ ಬಿಟ್ಟುಕೊಂಡು ಕೂತಿದ್ದರು.

ಮಾರನೆಯ ದಿನ ಡೈರೆಕ್ಟರಿಯನ್ನು ಮೊದಲಿನಿಂದ ತೆರೆದೆ.

"ನಮಸ್ಕಾರ್ರಿ. ನಾ ದ್ರಾಕ್ಷಾಯಣಿ ಅಂತ. ಎರಕದ ಕೆಲಸಗಾರರಿಗೆ ಕೈಗವಸು ಹೊಲೀತೀವಿ. ನಿಮ್ಮಲ್ಲಿ ಕೈಗವಸು ಎಲ್ಲಿ ಹರೀತಾವು ಅಂತ ನೋಡಬೇಕಾಗೇತಿ. ಹದಿನೈದು ನಿಮಿಷ ಸಾಕು. ಮಂಗಳವಾರ ಹತ್ತಕ್ಕ ಬರಲೋ, ಹನ್ನೊಂದಕ್ಕ ಬರಲೋ?"

"ಬ್ಯಾಡ."

"ಆಗ್ಲಿ ಸರ, ಚಲೋ ಆಗ್ಲಿ."

ಕಿಟಕಿಯ ಹೊರಗಿಂದ ಮಾತು ಬಂತು. "ಫೋನು ಕುಕ್ಕಬ್ಯಾಡ. ಮೆತ್ತಗ ಇಡು. ಆಚೀಕಡಿ ಕಿವಿ ಐತಿ."

ಮೆತ್ತಗೆ ಇಟ್ಟೆ. ಇನ್ನೊಂದು ತಿರುಗಿಸಿದೆ.

ಇಷ್ಟು ಕಲಿತ ಮೇಲೆ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ಹೇಳುವವರು ಹಾಗೆ ಹೇಳುತ್ತಾರೆ, ನಂಬಬೇಡಿ. ನಲವತ್ತು ನಂಬರಿಗೆ ಮಾಡಿದೆ. ಇಬ್ಬರು ಬಾ ಅಂದರು, ಒಬ್ಬರಲ್ಲಿ ಹೋಗುವ ಹೊತ್ತಿಗೆ ಕಾರ್ಖಾನೆಗೇ ಬೀಗ ಬಿದ್ದಿತ್ತು, ಇನ್ನೊಬ್ಬರು ನೋಡಿ ಆಮೇಲೆ ಹೇಳುತ್ತೇವೆ ಅಂದವರು ಆಮೇಲೆ ಹೇಳಲೇ ಇಲ್ಲ. ಆದರೆ ಒಂದು ಮಾತ್ರ ಬದಲಾಗಿತ್ತು. ಯಾರೂ ಎತ್ತದಿದ್ದರೆ ನನಗೀಗ ಬೇಸರವಾಗುತ್ತಿತ್ತು.

ಡೈರೆಕ್ಟರಿಯಲ್ಲಿ ಮಾಲೀಕರ ಹೆಸರಿಲ್ಲದ ಒಂದು ದೊಡ್ಡ ಕಾರ್ಖಾನೆಯಲ್ಲಿ ಫೋನು ಎತ್ತುವವಳು ಲವಿನಾ ಅಂತ ಒಬ್ಬಳು. ದಿನಾ ಅದೇ ಉತ್ತರ, "ಸಾಹೇಬರು ಮೀಟಿಂಗಿನಾಗ ಅದಾರ." ಮೊದಲ ದಿನ ಅವಳ ಹೆಸರು ಕೇಳಿಕೊಂಡೆ. ಮರುದಿನ ಹೆಸರು ಹಿಡಿದು ಕರೆದೆ. ಐದನೇ ದಿನ, "ಊಟ ಆತೇನ್ರಿ ಲವಿನಾ?" ಅಂದೆ. ಅವಳು ದನಿ ಇಳಿಸಿ ಹೇಳಿದಳು, "ಮುಂಜಾನೆ ಒಂಬತ್ತೂವರಿಗೆ ಮಾಡ್ರಿ. ಆಗ ಸಾಹೇಬ್ರು ಚಾ ಕುಡೀತಿರ್ತಾರ, ಒಬ್ಬರೇ ಇರ್ತಾರ."

ದಸರೆಗೆ ಮೂರು ದಿನವಿತ್ತು. ಸಂಸ್ಥೆಯ ಲಾರಿ ಯಾವತ್ತು ಬರುತ್ತದೆ ಅನ್ನುವುದೂ ಗೊತ್ತಾಗಿತ್ತು. ಒಂಬತ್ತೂವರೆಗೆ ಮಾಡಿದೆ. ಲವಿನಾ, "ಹಂಚಿನಮನಿ ಸಾಹೇಬ್ರಿಗೆ ಕೊಡ್ತೀನಿ," ಅಂದಳು.

ಹಂಚಿನಮನಿ!

ತಲೆ ಎತ್ತಿದರೆ ಗಡಿಯಾರ. ಕೆಂಪು ಅಕ್ಷರ. ಮಠದ ಭಕ್ತರು.

"ಹಲೋ," ಅಂತ ಗಡಸು ದನಿ.

ನಾನು ನನ್ನ ಮಾತು ಹೇಳಿದೆ. ಹೆಸರು, ಕೈಗವಸು, ಹದಿನೈದು ನಿಮಿಷ, ಹತ್ತಕ್ಕೋ ಹನ್ನೊಂದಕ್ಕೋ.

"ದಿನಾ ಹತ್ತು ಮಂದಿ ಕೈಗವಸಿನವರು ಬರ್ತಾರ. ಯಾರ ಕಡಿಂದ ಫೋನ್ ಮಾಡೀ ನೀ? ಯಾರ ಪರಿಚಯ?"

ಒಂದೇ ಒಂದು ಮಾತು ಸಾಕಿತ್ತು. ಹೊಳಿದಂಡಿ ಮಠ ಅಂದರೆ ಮುಗಿಯಿತು, ಆ ಮನುಷ್ಯ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಮಷಿನ್ನು ಉಳಿಯುತ್ತಿದ್ದವು. ಅವ್ವನ ಕೊಯ್ತಾ ಮತ್ತೆ ಅಟ್ಟಕ್ಕೆ ಹೋಗುತ್ತಿತ್ತು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಕಿಟಕಿಯಿಂದ ಹೊರಗೆ ನೋಡಿದೆ. ಅಜ್ಜಾರಿಗೆ ಎಲ್ಲ ಕೇಳಿಸುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ. ಹೊಳೆ ನೋಡುತ್ತಾ ಕೂತಿದ್ದರು.

"ಯಾರ ಕಡಿಂದನೂ ಅಲ್ರಿ," ಅಂದೆ. "ನಾನೇ ಮಾಡೀನಿ."

ಆಚೆ ಚಹಾ ಹೀರಿದ ಸದ್ದು ಕೇಳಿಸಿತು. ನಾನು ಏನೂ ಸೇರಿಸಲಿಲ್ಲ. ತಪ್ಪಾಯಿತು ಅನ್ನಲಿಲ್ಲ, ದಯವಿಟ್ಟು ಅನ್ನಲಿಲ್ಲ. ಅಂಗಳದ ಅಂಚಿನಲ್ಲಿ ನಿಂತ ಹಾಗೆ ನಿಂತೆ.

"ನಾಳೆ ಹನ್ನೊಂದಕ್ಕ ಬಾ. ಹದಿನೈದು ನಿಮಿಷ. ಹದಿನಾರನೇದು ಇಲ್ಲ."

ರಿಸೀವರನ್ನು ಮೆತ್ತಗೆ ಇಟ್ಟೆ. ಆಮೇಲೆ ಅಲ್ಲೇ ಕೂತು ಗಳಗಳ ಅತ್ತೆ. ಹೊರಗೆ ಅಜ್ಜಾರು ಕೆಮ್ಮಿದರು, ಅಷ್ಟೇ.

ಮರುದಿನ ಕಾರ್ಖಾನೆಗೆ ಹೋದೆ. ಹಂಚಿನಮನಿ ಸಾಹೇಬರು ದಪ್ಪ ಮೀಸೆಯವರು, ಕಣ್ಣು ಗಡಿಯಾರದ ಮೇಲೆ. ಕೆಲಸಗಾರನೊಬ್ಬನ ಕೈ ತೋರಿಸಿ ಅಂದೆ. ಒಬ್ಬ ಬಂದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸುಟ್ಟ ಕಲೆ, ಒಂದರ ಮೇಲೊಂದು. ಎಲ್ಲರ ಕೈಗವಸೂ ಹರಿಯುತ್ತಿದ್ದದ್ದು ಅಲ್ಲೇ.

"ಇಲ್ಲಿ ನಾವು ಎರಡು ಪದರ ಹಾಕಿ ಅಡ್ಡ ಹೊಲೀತೀವ್ರಿ," ಅಂದೆ. "ನಾಲ್ಕು ಜೋಡಿ ಬಿಟ್ಟು ಹೋಗ್ತೀನಿ. ಹದಿನೈದು ನಿಮಿಷ ಆತು."

ಎದ್ದು ನಿಂತೆ. ಅವರು ಮೊದಲ ಸಲ ನಕ್ಕರು.

"ಕೂಡವಾ ಕೂಡು. ಯಾವೂರು ನಿಂದು?"

ಊರ ಹೆಸರು ಹೇಳಿದೆ.

"ಅಯ್ಯ! ಅದು ನಮ್ಮ ಅಜ್ಜಾರ ಊರಲ್ಲೇನು! ಮೊದಲೇ ಹೇಳಬಾರದೇನು ಹುಚ್ಚಿ?"

"ಹೇಳಿದ್ರ ಅಕ್ಕಿ ಕಳಸ್ತಿದ್ರಿ ಸರ," ಅಂದೆ.

ಸಾಹೇಬರು ಅವತ್ತೇ ಆರ್ಡರು ಬರೆದುಕೊಟ್ಟರು. ಮಷಿನ್ನು ಒಯ್ಯಲು ಬಂದ ಲಾರಿ ದಸರೆಯ ಹಿಂದಿನ ದಿನ ಖಾಲಿ ವಾಪಸು ಹೋಯಿತು. ಅವ್ವ ಕೊಯ್ತಾ ಎಲ್ಲಿ ಎಸೆದಳೋ, ಮತ್ತೆ ನಮ್ಮ ಮನೆಯಲ್ಲಿ ಕಾಣಲಿಲ್ಲ.

ಬನ್ನಿ ಕೊಡಲು ಮಠಕ್ಕೆ ಹೋದೆ. ಅಜ್ಜಾರ ಕಾಲಿಗೆ ಬಿದ್ದು, ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಅಜ್ಜಾರ, ಅವರು ನಿಮ್ಮ ಭಕ್ತರು. ನಿಮ್ಮದೊಂದು ಮಾತು ಸಾಕಿತ್ತು. ಮೊದಲನೇ ದಿನಾನ ಕೆಲಸ ಆಗ್ತಿತ್ತು."

"ಹೂಂ, ಆಗ್ತಿತ್ತು."

"ಮತ್ತ ಯಾಕ ಹೇಳಲಿಲ್ರಿ?"

"ನಾ ಸತ್ತ ಮ್ಯಾಲ ಯಾರ ಕಡಿಂದ ಫೋನ್ ಮಾಡ್ತಿದ್ದಿ?"

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು, ನನ್ನ ಮಾನವೂ ಉಳಿಯುತ್ತಿತ್ತು.

ಹನ್ನೆರಡು ಮಷಿನ್ನು ಐವತ್ತಾದವು, ಐವತ್ತು ಇನ್ನೂರಾದವು. ಬೆಳಗಾವಿಯಲ್ಲಿ ಶೆಡ್ಡು ಹಾಕಿದೆವು. ನನಗೊಂದು ಕುರ್ಚಿ ಬಂತು, ಕುರ್ಚಿಯ ಮುಂದೆ ಗಾಜಿನ ಬಾಗಿಲು ಬಂತು, ಬಾಗಿಲ ಮುಂದೆ ಫೋನು ಎತ್ತಲು ಸುಷ್ಮಿತಾ ಅನ್ನುವ ಹುಡುಗಿ ಬಂದಳು. ಮೊದಮೊದಲು ತಿಂಗಳಿಗೊಮ್ಮೆ ಮಠಕ್ಕೆ ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೆ. ಆಮೇಲೆ ಹೋಗಬೇಕು, ಹೋಗಬೇಕು ಅನ್ನುತ್ತಲೇ ಮೂರು ವರ್ಷ ಹೋಗಲಿಲ್ಲ. ಅಜ್ಜಾರಿಗೆ ತೊಂಬತ್ತು ಹತ್ತಿರವಾಗಿತ್ತು, ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಲಿಲ್ಲ. ಇದಕ್ಕೆ ನಾನು ಯಾವ ನೆಪವನ್ನೂ ಹೇಳುವುದಿಲ್ಲ.

ಒಂದು ದಿನ ಸುಷ್ಮಿತಾ ಬಾಗಿಲು ತೆಗೆದು ನಗುತ್ತಾ ನಿಂತಳು.

"ಮೇಡಂ, ಒಬ್ಬರು ವಯಸ್ಸಾದವರು ನಾಲ್ಕು ದಿನದಿಂದ ಫೋನ್ ಮಾಡಾಕತ್ತಾರ್ರಿ. ಮೇಡಂ ಮೀಟಿಂಗಿನಾಗ ಅದಾರ ಅಂತ ಹೇಳಿ ಹೇಳಿ ನನಗೇ ಬ್ಯಾಸರಾತು. ಅವರಿಗೆ ಸಿಟ್ಟೇ ಬರಂಗಿಲ್ಲ ನೋಡ್ರಿ."

"ಏನಂತಾರ?"

"ಆಗ್ಲೆವಾ, ಚಲೋ ಆಗ್ಲಿ, ಅಂತಾರ್ರಿ. ಇವತ್ತು ನನ್ನ ಹೆಸರು ಹಿಡದು ಊಟ ಆತೇನು ಅಂತ ಕೇಳಿದ್ರು."

ನಾನು ಎದ್ದು ನಿಂತೆ.

"ಯಾರ ಕಡಿಂದ ಅಂತ ಕೇಳಿದ್ಯಾ?"

"ಕೇಳಿದ್ನಿರಿ. ಯಾರ ಕಡಿಂದನೂ ಅಲ್ಲವಾ, ನಾನೇ ಮಾಡೀನಿ, ಅಂದ್ರು. ಲೈನಿನಾಗ ಅದಾರ್ರಿ ಈಗ."

ಗಾಜಿನ ಬಾಗಿಲು ದಾಟಿ ಓಡಿದೆ. ಅವಳ ಮೇಜಿನ ಮೇಲಿದ್ದ ಫೋನನ್ನೇ ಎತ್ತಿದೆ.

"ಹಲೋ."

"ನಮಸ್ಕಾರ್ರಿ." ದನಿ ತೆಳ್ಳಗಾಗಿತ್ತು, ನಡುನಡುವೆ ಉಸಿರು ಹಿಡಿಯುತ್ತಿತ್ತು. "ನಾ ಗುರುಪಾದಯ್ಯ ಅಂತ. ಹೊಳಿ ಆಚೀ ದಂಡಿಯವ."

"ಅಜ್ಜಾರ! ನಾನ್ರಿ, ದ್ರಾಕ್ಷವ್ವ! ತಪ್ಪಾತ್ರಿ ಅಜ್ಜಾರ, ತಪ್ಪಾತು..."

"ಏನ್ ತಪ್ಪು ಮಾಡಿ?"

"ಮೂರು ವರ್ಷ ನಿಮ್ಮನ್ನ ನೋಡಾಕ ಬರಲಿಲ್ಲ."

"ಹೂಂ. ಅದು ಹೌದು."

ಅವರು ಇರಲಿ ಬಿಡು ಅನ್ನಲಿಲ್ಲ. ಅನ್ನದಿದ್ದದ್ದೇ ಒಳ್ಳೆಯದಾಯಿತು, ನಾನು ಮನಸ್ಸು ಬಿಚ್ಚಿ ಅತ್ತೆ. ಸುಷ್ಮಿತಾ ಕಂಗಾಲಾಗಿ ನನ್ನನ್ನು ನೋಡುತ್ತಿದ್ದಳು.

"ಈಗ ಹೊಂಡ್ತೀನ್ರಿ ಅಜ್ಜಾರ. ಗಾಡಿ ಐತಿ. ಎರಡು ತಾಸಿನಾಗ ಅಲ್ಲಿರ್ತೀನಿ."

"ತಡಿ ತಡಿ. ಫೋನ್ ಮಾಡಿದಾವ ನಾ. ಕೇಳೂದನ್ನ ನನಗ ಕೇಳಾಕ ಬಿಡು."

"ಕೇಳ್ರಿ ಅಜ್ಜಾರ."

ಅವರ ಉಸಿರಿನ ಹಿಂದೆ ಎಲ್ಲೋ ಹೊಳೆಯ ಸದ್ದಿತ್ತು, ಅಥವಾ ನನಗೆ ಹಾಗೆ ಕೇಳಿಸಿತು.

"ನಿಮ್ಮ ಕಟ್ಟೀಮ್ಯಾಲ ಒಂದು ಐದು ನಿಮಿಷ ಕೂಡಬೇಕಾಗೇತೆವಾ. ನಾಳೆ ಹತ್ತಕ್ಕ ಬರಲೋ, ಹನ್ನೊಂದಕ್ಕ ಬರಲೋ?"